ಗರ್ಭದ ಮುಂದೆ ಗೃಹಸ್ಥನ ಲೆಕ್ಕ

‘ಹೇಗೂ ಆಸ್ಪತ್ರೆಗೆ ಹೋಗುವುದಿದೆ. ಎರಡನ್ನೂ ಒಟ್ಟಿಗೇ ಮುಗಿಸಿಬಿಟ್ಟರೆ ಮತ್ತೆ ತಾಪತ್ರಯವಿಲ್ಲ.’

ಅನೇಕ ಮನೆಗಳ ಚಾವಡಿಯಲ್ಲಿ ಕೇಳಿಬರುವ ಮಾತಿದು. ಆಡುವವರಲ್ಲಿ ಕ್ರೌರ್ಯವಿರುವುದಿಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ಕಾಳಜಿಯೇ ಇರುತ್ತದೆ. ಆದರೆ ‘ಎರಡು’ ಎಂಬ ಆ ಪುಟ್ಟ ಪದದೊಳಗೆ ಭಾರವಾದ ಎರಡು ಸಂಗತಿಗಳು ಅಡಗಿವೆ. ಈಗಾಗಲೇ ನಿಂತಿರುವ ಗರ್ಭವನ್ನು ತೆಗೆಸುವುದು ಒಂದು. ಮುಂದೆಂದೂ ಗರ್ಭ ನಿಲ್ಲದಂತೆ ಅದೇ ವೇಳೆಯಲ್ಲಿ ಆ ಸ್ತ್ರೀಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಇನ್ನೊಂದು. ಮೊದಲನೆಯದು ಬಂದಿರುವ ಜೀವಕ್ಕೆ ಸಂಬಂಧಿಸಿದ್ದು. ಎರಡನೆಯದು ಇನ್ನೂ ಬಾರದಿರುವ ಜೀವಕ್ಕೆ ಸಂಬಂಧಿಸಿದ್ದು. ಲೋಕವ್ಯವಹಾರವು ಇವೆರಡನ್ನೂ ಒಂದೇ ಗಂಟಾಗಿ ಕಟ್ಟಿ ಒಬ್ಬಳ ತಲೆಯ ಮೇಲೆ ಇಡುತ್ತದೆ. ಆ ಗಂಟನ್ನು ಜಿನಧರ್ಮದ ಬೆಳಕಿನಲ್ಲಿ ಬಿಚ್ಚಿ ನೋಡುವುದು ಇಂದಿನ ಗೃಹಸ್ಥರ ಕರ್ತವ್ಯವಾಗಿದೆ.

ಉಡುಪಿಯಿಂದ ಸಂತೆಕಟ್ಟೆಯನ್ನು ಹಾದು ಹೂಡೆಯ ಕಡಲಿನತ್ತ ಸಾಗುವ ದಾರಿಯಲ್ಲಿ ಕೆಮ್ಮಣ್ಣು ಎಂಬ ಊರಿದೆ. ಹೆಸರೇ ಹೇಳುವಂತೆ ಕೆಂಪು ಮಣ್ಣಿನ ನೆಲ. ಸ್ವರ್ಣಾ ನದಿಯು ಸಮುದ್ರವನ್ನು ಸೇರುವ ಮುನ್ನ ಇಲ್ಲಿ ಕುದ್ರುಗಳನ್ನು ಬಳಸಿ ಹರಿಯುತ್ತದೆ. ತೂಗುಸೇತುವೆಯೊಂದು ದಡವನ್ನೂ ಕುದ್ರುವನ್ನೂ ಬೆಸೆದಿದೆ. ಇಂತಹ ಊರಿನ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಸೊಸೆಗೆ 31 ವರ್ಷ. ಮಗ ಐದನೆಯ ತರಗತಿಯಲ್ಲಿದ್ದಾನೆ, ಮಗಳು ಎರಡನೆಯದರಲ್ಲಿ. ಪತಿಗೆ ಉಡುಪಿಯಲ್ಲಿ ನೌಕರಿ. ಬೇಡವೆಂದುಕೊಂಡಿದ್ದರೂ ಮೂರನೆಯ ಗರ್ಭ ನಿಂತಿದೆ, ಎಂಟನೆಯ ವಾರ. ಚಾವಡಿಯಲ್ಲಿ ಅತ್ತೆ, ಪತಿ, ಬಂದಿಳಿದ ನಾದಿನಿ ಎಲ್ಲರೂ ಮಾತನಾಡಿಯಾಯಿತು. ಸೂರ್ಯಾಸ್ತದೊಳಗೆ ಊಟ ಮುಗಿಯಬೇಕೆಂದು ಅಡುಗೆಮನೆಯಲ್ಲಿ ಅವಸರಪಡುತ್ತಿರುವ ಸೊಸೆಗೆ ಎಲ್ಲವೂ ಕೇಳಿಸುತ್ತಿದೆ. ಅವಳನ್ನು ಕೇಳಿದವರು ಮಾತ್ರ ಇಲ್ಲ. ಮರುದಿನ ಬೆಳಿಗ್ಗೆ ಸಾಮಾಯಿಕಕ್ಕೆ ಕುಳಿತಾಗ ಅವಳ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ‘ಈ ಪಾಪ ಯಾರದು?’

ಈ ಕುಟುಂಬ ಕಲ್ಪಿತ. ಪ್ರಶ್ನೆ ಮಾತ್ರ ಕಲ್ಪಿತವಲ್ಲ.

ವೈದ್ಯಶಾಸ್ತ್ರ ಮತ್ತು ಕಾನೂನು ಹೇಳುವುದೇನು?

ಧರ್ಮದ ವಿಚಾರಕ್ಕೆ ಮೊದಲು ಲೋಕದ ಸಂಗತಿಗಳನ್ನು ಸರಿಯಾಗಿ ತಿಳಿಯಬೇಕು. ತಪ್ಪು ತಿಳಿವಳಿಕೆಯ ಮೇಲೆ ಕಟ್ಟಿದ ಧರ್ಮೋಪದೇಶವು ಯಾರಿಗೂ ದಾರಿ ತೋರಲಾರದು.

ಭಾರತದಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆಯು 1971ರಲ್ಲಿ ಅಂಗೀಕೃತವಾಗಿ 1972ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಕದ್ದುಮುಚ್ಚಿ ಗರ್ಭ ತೆಗೆಸಲು ಹೋಗಿ ಅಶಿಕ್ಷಿತರ ಕೈಯಲ್ಲಿ ಪ್ರಾಣ ಕಳೆದುಕೊಳ್ಳುತ್ತಿದ್ದ ತಾಯಂದಿರ ಸ್ಥಿತಿಯೇ ಅದರ ಹಿನ್ನೆಲೆ. 1964ರಲ್ಲಿ ನೇಮಕಗೊಂಡ ಶಾಂತಿಲಾಲ್ ಶಾ ಸಮಿತಿಯು 1966ರಲ್ಲಿ ಸಲ್ಲಿಸಿದ ವರದಿ ಅದಕ್ಕೆ ಆಧಾರವಾಯಿತು. 2021ರ ತಿದ್ದುಪಡಿಯ ಪ್ರಕಾರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು; ಕೆಲವು ವಿಶೇಷ ಸಂದರ್ಭಗಳಲ್ಲಿ 24 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕು. ತಾಯಿಯ ಪ್ರಾಣ ಉಳಿಸಲು ಕೂಡಲೇ ಅವಶ್ಯವಾದಾಗ ವಾರಗಳ ಮಿತಿಯಿಲ್ಲ. ಪ್ರಾಪ್ತವಯಸ್ಕ ಸ್ತ್ರೀಯ ಒಪ್ಪಿಗೆಯೊಂದೇ ಕಾನೂನಿಗೆ ಬೇಕಾದದ್ದು. ಪತಿಯ ಅಥವಾ ಅತ್ತೆ ಮಾವಂದಿರ ಸಹಿಯನ್ನು ಅದು ಕೇಳುವುದಿಲ್ಲ. ಅವಳ ಹೆಸರು ಮತ್ತು ವಿವರಗಳನ್ನು ಗುಟ್ಟಾಗಿ ಇಡಬೇಕೆಂದೂ ಕಾನೂನು ವಿಧಿಸುತ್ತದೆ.

ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಣುವು ಗರ್ಭಕೋಶದತ್ತ ಸಾಗುವ ಎರಡೂ ನಾಳಗಳನ್ನು ಕತ್ತರಿಸಿ ಕಟ್ಟಲಾಗುತ್ತದೆ, ಇಲ್ಲವೇ ಉಂಗುರ ಹಾಕಿ ಮುಚ್ಚಲಾಗುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಇದನ್ನು ಗರ್ಭಪಾತದ ಜೊತೆಯಲ್ಲಿಯೇ ಅಥವಾ ಅನಂತರದ ಏಳು ದಿನಗಳೊಳಗೆ ಮಾಡಬಹುದು. ಸೋಂಕು ಅಥವಾ ರಕ್ತಸ್ರಾವದ ತೊಂದರೆ ಇರಬಾರದು. ಮೊದಲ ಮೂರು ತಿಂಗಳೊಳಗಿನ ಗರ್ಭವಾಗಿದ್ದರೆ ಉದರದರ್ಶಕದ ಮೂಲಕವೂ ಮಾಡಬಹುದು. ಅದನ್ನು ದಾಟಿದ್ದರೆ ಹೊಟ್ಟೆಯಲ್ಲಿ ಸಣ್ಣ ಗಾಯ ಮಾಡಿಯೇ ನಡೆಸಬೇಕು. ಆಕೆ ವಿವಾಹವಾದವಳಾಗಿರಬೇಕು, 22ಕ್ಕಿಂತ ಹೆಚ್ಚು ಮತ್ತು 49ಕ್ಕಿಂತ ಕಡಿಮೆ ವಯಸ್ಸಿನವಳಾಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು ಎಂಬುದು ನಿಯಮ. ಇಲ್ಲಿಯೂ ಪತಿಯ ಒಪ್ಪಿಗೆ ಕಡ್ಡಾಯವಲ್ಲ.

ಎರಡನ್ನೂ ಒಟ್ಟಿಗೆ ಮಾಡಲು ವೈದ್ಯರು ಹೇಳುವ ಕಾರಣಗಳಲ್ಲಿ ಹುರುಳಿದೆ. ಒಂದೇ ಬಾರಿ ಅರಿವಳಿಕೆ, ಒಂದೇ ಬಾರಿ ಆಸ್ಪತ್ರೆವಾಸ. ಗರ್ಭಪಾತವಾದ ಎರಡು ವಾರಗಳೊಳಗೆಯೇ ಮತ್ತೆ ಗರ್ಭ ನಿಲ್ಲುವ ಸಾಧ್ಯತೆ ಇರುವುದರಿಂದ, ಆಮೇಲೆ ನೋಡೋಣ ಎಂದವಳು ಮತ್ತೊಮ್ಮೆ ಅದೇ ಸಂಕಟಕ್ಕೆ ಸಿಲುಕಬಹುದು. ಕೂಲಿ ಬಿಟ್ಟು, ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಎರಡು ಸಲ ಆಸ್ಪತ್ರೆಗೆ ಬರುವುದು ಬಡವರಿಗೆ ಸುಲಭವಲ್ಲ. ಮೊದಲೇ ಯೋಚಿಸಿ, ತಾನಾಗಿಯೇ ಬಯಸಿ ಬಂದವಳಿಗೆ ಇದು ನಿಜವಾಗಿಯೂ ಅನುಕೂಲ.

ತೊಡಕಿರುವುದು ‘ತಾನಾಗಿಯೇ ಬಯಸಿ’ ಎಂಬಲ್ಲಿ. ಈ ಶಸ್ತ್ರಚಿಕಿತ್ಸೆಯನ್ನು ಶಾಶ್ವತವೆಂದೇ ತಿಳಿಯಬೇಕು. ನಾಳಗಳನ್ನು ಮತ್ತೆ ಜೋಡಿಸುವುದು ದೊಡ್ಡ ಶಸ್ತ್ರಚಿಕಿತ್ಸೆ, ಫಲ ಖಚಿತವಲ್ಲ. ಅಮೆರಿಕದಲ್ಲಿ ಸಂತಾನಹರಣಕ್ಕೆ ಒಳಗಾದ ಸ್ತ್ರೀಯರನ್ನು 14 ವರ್ಷಗಳವರೆಗೆ ಅನುಸರಿಸಿ ನಡೆಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಶೇ. 20ರಷ್ಟು ಮಂದಿ ಮುಂದೆ ಪಶ್ಚಾತ್ತಾಪಪಟ್ಟಿದ್ದರು. 30 ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ಅದು ಶೇ. 6ರಷ್ಟು ಮಾತ್ರ. ಬೇಡವಾದ ಗರ್ಭದ ಆತಂಕದಲ್ಲಿರುವವಳ ಮನಸ್ಸು ಅಂದಿನ ಸಂಕಟದಿಂದ ಪಾರಾಗುವುದನ್ನಷ್ಟೇ ನೋಡುತ್ತದೆ. ಇಪ್ಪತ್ತು ವರ್ಷಗಳ ಮುಂದಿನದನ್ನಲ್ಲ. ಆದ್ದರಿಂದಲೇ ಮಾನಸಿಕ ಒತ್ತಡದಲ್ಲಿ ಅಥವಾ ಮಂಪರಿನಲ್ಲಿ ಇರುವವಳಿಂದ ಸಂತಾನಹರಣದ ಒಪ್ಪಿಗೆ ಪಡೆಯಬಾರದೆಂದು ಮಾರ್ಗಸೂಚಿ ಹೇಳುತ್ತದೆ. ಇದಕ್ಕೆ ಒಪ್ಪಿದರೆ ಮಾತ್ರ ಅದು ಎಂಬ ಷರತ್ತನ್ನು ಹಾಕುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಒಪ್ಪಿಗೆಪತ್ರಗಳಿವೆ. ಕಾಗದದ ಮೇಲೆ ಬೇರೆಯಾಗಿರುವ ಈ ಎರಡು ನಿರ್ಧಾರಗಳು ಮನೆಯ ಮಾತಿನಲ್ಲಿ ಮಾತ್ರ ಒಂದಾಗಿಬಿಡುತ್ತವೆ.

ಬಂದ ಜೀವ, ಬಾರದ ಜೀವ

ಈಗ ಶಾಸ್ತ್ರವಿಚಾರ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಜನ್ಮಗಳನ್ನು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರಾಗಿ ವಿಂಗಡಿಸುತ್ತದೆ. ಮನುಷ್ಯನದು ಗರ್ಭಜನ್ಮ, ಅದರಲ್ಲಿಯೂ ಜರಾಯುಜ. ಒಂದು ದೇಹವನ್ನು ತೊರೆದ ಜೀವವು ತೈಜಸ, ಕಾರ್ಮಣ ಶರೀರಗಳೊಡನೆ ಸಾಗಿ, ಕೆಲವೇ ಸಮಯಗಳ ಅಂತರದಲ್ಲಿ ತನ್ನ ಕರ್ಮಕ್ಕೆ ತಕ್ಕ ಹೊಸ ಸ್ಥಾನವನ್ನು ಸೇರುತ್ತದೆ. ಕಾನೂನು ವಾರಗಳನ್ನು ಎಣಿಸುತ್ತದೆ. ಶಾಸ್ತ್ರ ಹಾಗೆ ಎಣಿಸುವುದಿಲ್ಲ. ಗರ್ಭ ನಿಂತಿತೆಂದರೆ ಅಲ್ಲಿ ಒಂದು ಜೀವ ಬಂದು ನೆಲೆಸಿತೆಂದೇ ಅದರ ಅರ್ಥ. ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಕಲ್ಯಾಣ. ತ್ರಿಶಲಾದೇವಿ ಕಂಡ ಹದಿನಾರು ಕನಸುಗಳನ್ನು ಬಸದಿಯ ಭಿತ್ತಿಗಳಲ್ಲಿ ಚಿತ್ರಿಸಿ ಪೂಜಿಸುವ ಪರಂಪರೆಗೆ ಗರ್ಭದಲ್ಲಿರುವುದು ಬರಿಯ ರಕ್ತದ ಮುದ್ದೆ ಎಂದು ಹೇಳಲು ಬಾರದು.

ಆದ್ದರಿಂದ ಗರ್ಭಪಾತವು ಪಂಚೇಂದ್ರಿಯ ಜೀವದ ಹಿಂಸೆಯೇ ಹೌದು. ಈ ಮಾತನ್ನು ಮರೆಮಾಚಿ ಸಮಾಧಾನ ಹೇಳುವುದು ಸತ್ಯಾಣುವ್ರತಕ್ಕೆ ಒಪ್ಪುವಂಥದಲ್ಲ. ಆದರೆ ಅಲ್ಲಿಗೇ ನಿಂತುಬಿಡುವುದೂ ಶಾಸ್ತ್ರಕ್ಕೆ ಒಪ್ಪುವಂಥದಲ್ಲ. ಪ್ರಮಾದದಿಂದ, ಅಂದರೆ ಕಷಾಯಗಳಿಗೆ ಒಳಗಾದ ಅಜಾಗರೂಕ ಮನ, ವಚನ, ಕಾಯಗಳಿಂದ ಪ್ರಾಣಕ್ಕೆ ತಟ್ಟುವ ಘಾತವನ್ನು ಉಮಾಸ್ವಾಮಿಗಳು ಹಿಂಸೆ ಎನ್ನುತ್ತಾರೆ. ಹಿಂಸೆಯ ಬೇರು ಭಾವದಲ್ಲಿದೆ ಎಂಬುದನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಬಹುವಾಗಿ ವಿವರಿಸಿದ್ದಾರೆ. ತಾಯಿಯ ಪ್ರಾಣಕ್ಕೇ ಕುತ್ತು ಬಂದಾಗ ನಡೆಯುವ ಚಿಕಿತ್ಸೆ, ಬಲಾತ್ಕಾರಕ್ಕೆ ಸಿಲುಕಿದವಳ ದೈನ್ಯ, ರೋಗಿ ತಾಯಿಯ ಅಸಹಾಯಕತೆ, ಕೇವಲ ಅನುಕೂಲದ ಅಪೇಕ್ಷೆ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಭಾವವನ್ನು ಗಣಿಸುವ ಧರ್ಮದ ರೀತಿಯಲ್ಲ.

ಸಂತಾನಹರಣದ ಪ್ರಶ್ನೆ ಬೇರೆ. ಅಲ್ಲಿ ಬಂದಿರುವ ಜೀವವಿಲ್ಲ. ಬಾರದ ಜೀವಕ್ಕೆ ಅದರ ಕರ್ಮವು ಬೇರೊಂದು ಸ್ಥಾನವನ್ನು ಒದಗಿಸುತ್ತದೆ. ಯಾವ ಜೀವವೂ ಹುಟ್ಟಲು ಎಡೆಯಿಲ್ಲದೆ ಅಲೆಯುತ್ತಿರುವುದಿಲ್ಲ. ಹೀಗಾಗಿ ಗರ್ಭ ನಿಲ್ಲದಂತೆ ತಡೆಯುವುದನ್ನು ಗರ್ಭವನ್ನು ತೆಗೆಯುವುದರೊಂದಿಗೆ ಸಮೀಕರಿಸುವುದು ಸರಿಯಲ್ಲ. ಆದರೆ ಅದನ್ನೇ ಸಂಯಮವೆಂದು ಕರೆಯುವುದೂ ಸರಿಯಲ್ಲ. ಬ್ರಹ್ಮಚರ್ಯಾಣುವ್ರತವು ಮನಸ್ಸಿನಿಂದ ಹುಟ್ಟುವ ವ್ರತ. ನಾಳವನ್ನು ಕಟ್ಟಿದ ಮಾತ್ರಕ್ಕೆ ವ್ರತ ಕಟ್ಟಿದಂತಾಗದು.

ಇಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನೆಯಬೇಕು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾರದ ಹೊರೆ ಹೊರಿಸುವುದು, ಅನ್ನ ನೀರು ತಡೆಯುವುದು. ಇವುಗಳನ್ನು ಸಾಮಾನ್ಯವಾಗಿ ಎತ್ತು, ಕುದುರೆ, ಆಳುಕಾಳುಗಳ ಸಂದರ್ಭದಲ್ಲಿ ವಿವರಿಸುವುದುಂಟು. ರೋಗಿಯ ಹಿತಕ್ಕಾಗಿ, ಅವಳೇ ತಿಳಿದು ಒಪ್ಪಿ ನಡೆಯುವ ಶಸ್ತ್ರಚಿಕಿತ್ಸೆ ಛೇದವಲ್ಲ. ಮನವೊಪ್ಪದವಳನ್ನು ಒತ್ತಾಯಿಸಿ, ಅಂಜಿಸಿ, ಅವಸರಪಡಿಸಿ ಮೇಜಿನ ಮೇಲೆ ಮಲಗಿಸಿದರೆ ಅದು ಛೇದವಲ್ಲದೆ ಮತ್ತೇನು? ಮನೆಯ ಎಲ್ಲರ ಭಾರವನ್ನು ಅವಳೊಬ್ಬಳ ದೇಹದ ಮೇಲೆ ಹೊರಿಸಿದರೆ ಅದು ಅತಿಭಾರಾರೋಪಣವಲ್ಲದೆ ಮತ್ತೇನು? ಎತ್ತಿನ ಬೆನ್ನಿನ ಹೊರೆಗೆ ಮರುಗುವ ಧರ್ಮವು ಮನೆಯ ಸೊಸೆಯ ಹೊರೆಗೆ ಕಣ್ಣು ಮುಚ್ಚಬಾರದು.

ಹಿಟ್ಟಿನ ಕೋಳಿಯ ಪಾಠ

‘ಈ ಪಾಪ ಯಾರದು?’ ಎಂಬ ಪ್ರಶ್ನೆಗೆ ಕನ್ನಡದ ಜೈನಸಾಹಿತ್ಯವು ಎಂಟು ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಜನ್ನಕವಿಯು 1209ರಲ್ಲಿ ಯಶೋಧರಚರಿತೆಯನ್ನು ರಚಿಸಿದನು. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಮಗ ಯಶೋಧರನನ್ನು ಒತ್ತಾಯಿಸುತ್ತಾಳೆ. ಪ್ರಾಣಿವಧೆಗೆ ಅವನ ಮನಸ್ಸು ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಜೀವವಿಲ್ಲದ ಹಿಟ್ಟಿನ ಕೋಳಿಯಾದರೂ ಕೊಲ್ಲುವ ಸಂಕಲ್ಪ ನಿಜವಾಗಿದ್ದುದರಿಂದ ಆ ಪಾಪ ಬೆನ್ನು ಬಿಡಲಿಲ್ಲ. ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ತೊಳಲಿದರು.

ಈ ಕಥೆಯನ್ನು ಸಂಕಲ್ಪಹಿಂಸೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಪಾಠವೂ ಇದೆ. ಕತ್ತಿ ಹಿಡಿದವನು ಮಗ, ಹಿಡಿಸಿದವಳು ತಾಯಿ. ಕರ್ಮವು ಹಿಡಿದವನನ್ನು ಮಾತ್ರ ಹುಡುಕಿಕೊಂಡು ಹೋಗಲಿಲ್ಲ. ಹಿಡಿಸಿದವಳಿಗೂ ಅದೇ ಅಲೆದಾಟ ಒದಗಿತು. ಮಾಡುವುದು ಕೃತ, ಮಾಡಿಸುವುದು ಕಾರಿತ, ಮಾಡಿದ್ದಕ್ಕೆ ತಲೆದೂಗುವುದು ಅನುಮೋದನ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳು. ಮನ, ವಚನ, ಕಾಯ ಎಂಬ ಮೂರು ಯೋಗಗಳು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108. ಜಪಮಾಲೆಯ 108 ಮಣಿಗಳು ಈ 108 ಆಸ್ರವದ್ವಾರಗಳನ್ನು ನೆನಪಿಸುತ್ತವೆ ಎಂದು ಹಿರಿಯರು ಹೇಳುತ್ತಾರೆ.

ಮಣಿ ಎಣಿಸುವ ಬೆರಳುಗಳು ಈ ಲೆಕ್ಕವನ್ನು ಮನೆಯ ಚಾವಡಿಗೂ ತರಬೇಕು. ‘ತೆಗೆಸಿಬಿಡು’ ಎಂದ ಪತಿ ಕಾರಿತದಲ್ಲಿದ್ದಾನೆ. ‘ಈಗ ಯಾರು ನೋಡಿಕೊಳ್ಳುತ್ತಾರೆ, ನನಗೆ ಕೈಲಾಗದು’ ಎಂದು ಬಾಗಿಲು ಮುಚ್ಚಿದ ಅತ್ತೆಯೂ ಅಲ್ಲಿಯೇ ಇದ್ದಾಳೆ. ಸುಮ್ಮನೆ ತಲೆಯಾಡಿಸಿದ ನಾದಿನಿ ಅನುಮೋದನದಲ್ಲಿದ್ದಾಳೆ. ಇನ್ನೂ ಹಿಂದಕ್ಕೆ ಹೋದರೆ, ಗರ್ಭ ನಿಲ್ಲದಂತೆ ನೋಡಿಕೊಳ್ಳುವ ಹೊಣೆಯನ್ನು ಹೆಂಡತಿಗೆ ಬಿಟ್ಟು ತಾನು ನಿಶ್ಚಿಂತನಾಗಿದ್ದ ಪತಿಯ ಪ್ರಮಾದವೂ ಲೆಕ್ಕಕ್ಕೆ ಬರುತ್ತದೆ. ಕೊನೆಯಲ್ಲಿ ಒಪ್ಪಿಗೆಪತ್ರದ ಮೇಲೆ ಇರುವುದು ಅವಳೊಬ್ಬಳ ಸಹಿ. ಆಸ್ಪತ್ರೆಯ ಕಡತಕ್ಕೆ ಅಷ್ಟು ಸಾಕು. ಕರ್ಮದ ಕಡತದಲ್ಲಿ ಎಲ್ಲರ ಸಹಿಯೂ ಇರುತ್ತದೆ.

ಒಂದೇ ಹೆಗಲಿನ ಹೊರೆ

ಹೊರೆಯು ಸ್ತ್ರೀಯ ಹೆಗಲಿಗೇ ಏಕೆ ಬಂದಿತೆಂಬುದಕ್ಕೆ ಇತಿಹಾಸವಿದೆ. ಸಂತಾನನಿಯಂತ್ರಣದ ವಿಷಯದಲ್ಲಿ ಕನ್ನಡನಾಡು ಬಹಳ ಮೊದಲೇ ಎಚ್ಚೆತ್ತಿತ್ತು. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು; ಸರ್ಕಾರವೊಂದು ಇಂತಹ ಹೆಜ್ಜೆ ಇಟ್ಟದ್ದು ಜಗತ್ತಿನಲ್ಲಿಯೇ ಮೊದಲೆಂದು ಪ್ರಸಿದ್ಧವಾಗಿದೆ. ಆಗ ಮದರಾಸು ಆಡಳಿತದಲ್ಲಿದ್ದ ಉಡುಪಿಯಲ್ಲಿ, ಬಾಸೆಲ್ ಮಿಷನ್ನಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಆಸ್ಪತ್ರೆಯು ತಾಯಂದಿರ ಹೆರಿಗೆಗೆ ಆಸರೆಯಾಗಿತ್ತು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 1952ರಲ್ಲಿ, ರಾಷ್ಟ್ರೀಯ ಕುಟುಂಬ ಯೋಜನೆ ಕಾರ್ಯಕ್ರಮ ಪ್ರಾರಂಭವಾಗಿತ್ತು.

ಆಮೇಲೆ ಬಂದಿತು ತುರ್ತುಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಪುರುಷರವು. ಬಲವಂತದ ನೆನಪು ಪುರುಷರಲ್ಲಿ ಅಂಜಿಕೆಯನ್ನು ಬಿತ್ತಿತು. ಮುಂದೆ ಬಂದ ಸರ್ಕಾರಗಳು ಪುರುಷರನ್ನು ಬಿಟ್ಟು ಸ್ತ್ರೀಯರತ್ತ ತಿರುಗಿದವು. ಪುರುಷರ ಭಯಕ್ಕೆ ಸ್ತ್ರೀಯರು ಬೆಲೆ ತೆತ್ತರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತ ದಂಪತಿಗಳಲ್ಲಿ ಶೇ. 37.9ರಷ್ಟು ಮಂದಿ ಸ್ತ್ರೀ ಸಂತಾನಹರಣವನ್ನು ಅವಲಂಬಿಸಿದ್ದರೆ, ಪುರುಷ ಸಂತಾನಹರಣವನ್ನು ಅವಲಂಬಿಸಿದವರು ಶೇ. 0.3 ಮಾತ್ರ. ಕರ್ನಾಟಕದಲ್ಲಂತೂ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ನೆಚ್ಚಿಕೊಂಡಿರುವುದು ತಾಯಿಯ ಶಸ್ತ್ರಚಿಕಿತ್ಸೆಯನ್ನೇ.

ಪುರುಷರ ಶಸ್ತ್ರಚಿಕಿತ್ಸೆಯಾದರೋ ಹೆಚ್ಚು ಸರಳ. ಹೊಟ್ಟೆಯನ್ನು ತೆರೆಯಬೇಕಿಲ್ಲ, ಆ ಭಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು, ಅಂದೇ ಮನೆಗೆ ಮರಳಬಹುದು. ಮೂರು ತಿಂಗಳು ಬೇರೆ ಉಪಾಯವನ್ನು ಬಳಸಿ, ಅನಂತರ ವೀರ್ಯಪರೀಕ್ಷೆ ಮಾಡಿಸಿಕೊಂಡು ಖಚಿತಪಡಿಸಿಕೊಳ್ಳಬೇಕು. ಇದರಿಂದ ಪುರುಷತ್ವಕ್ಕಾಗಲಿ ದುಡಿಯುವ ಶಕ್ತಿಗಾಗಲಿ ಕುಂದಿಲ್ಲ. ಆದರೂ ‘ಅವರು ದುಡಿಯುವವರು, ಅವರಿಗೇಕೆ?’ ಎಂದು ಮನೆಯ ಹೆಂಗಸರೇ ಹೇಳುವುದುಂಟು. ದಿನವಿಡೀ ದುಡಿಯುವವಳು ತಾನೂ ಹೌದೆಂಬುದು ಹೇಳುವವಳಿಗೇ ಮರೆತುಹೋಗಿರುತ್ತದೆ.

ಅವಸರದ ಫಲವನ್ನು ದೇಶ ಕಂಡಿದೆ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಸ್ತ್ರೀಯರಿಗೆ ಶಸ್ತ್ರಚಿಕಿತ್ಸೆ ನಡೆಸಲಾಯಿತು. ಹತ್ತಕ್ಕೂ ಹೆಚ್ಚು ತಾಯಂದಿರು ಅಸುನೀಗಿದರು. 2016ರ ಸೆಪ್ಟೆಂಬರ್ 14ರಂದು ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಗಳೊಳಗೆ ಇಂತಹ ಶಿಬಿರಗಳನ್ನು ನಿಲ್ಲಿಸಬೇಕೆಂದು ಸೂಚಿಸಿತು. ಶಸ್ತ್ರಚಿಕಿತ್ಸೆಯ ಪರಿಣಾಮಗಳನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ, ಮನಸ್ಸು ಬದಲಿಸಲು ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕೆಂದೂ ಹೇಳಿತು. ನ್ಯಾಯಾಲಯವು ಒಂದು ಗಂಟೆಯನ್ನಾದರೂ ಕೊಡಿಸಿತು. ಅವಳ ಮನೆಯವರು ಎಷ್ಟು ದಿನಗಳನ್ನು ಕೊಡುತ್ತಾರೆ?

ಸಮಾಜದ ಕನ್ನಡಿ

ಜೈನಸಮಾಜವು ತನ್ನ ಕನ್ನಡಿಯನ್ನೂ ನೋಡಿಕೊಳ್ಳಬೇಕಾದ ಒಂದು ಸಂಗತಿಯಿದೆ. ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿಯೇ ರೂಪುಗೊಂಡಿತು. ಆದರೂ 2001ರ ಜನಗಣತಿಯಲ್ಲಿ ದೇಶದ ಜೈನರಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 870 ಹೆಣ್ಣುಮಕ್ಕಳು ಮಾತ್ರ ಇದ್ದರು, 2011ರಲ್ಲಿ 889. ಇರುವೆಯನ್ನು ತುಳಿಯದಂತೆ ನೆಲ ನೋಡಿ ನಡೆಯುವ, ನೀರನ್ನು ಸೋಸಿ ಕುಡಿಯುವ ಸಮಾಜದಲ್ಲಿ ಈ ಅಂಕಿಗಳು ಹೇಗೆ ಬಂದವು? ಬಂದಿರುವ ಜೀವ ಹೆಣ್ಣೆಂದು ತಿಳಿದು ತೆಗೆಸುವುದು ಸಂಕಲ್ಪಹಿಂಸೆ. ಅದಕ್ಕೆ ಯಾವ ಅಸಹಾಯಕತೆಯ ನೆಪವೂ ಇಲ್ಲ. ಗಂಡುಮಗು ಹುಟ್ಟುವವರೆಗೆ ಕಾಯಿಸಿ, ಹುಟ್ಟಿದ ಮೇಲೆ ತಾಯಿಯ ನಾಳವನ್ನು ಕಟ್ಟಿಸುವ ಪದ್ಧತಿಯೂ ಅದೇ ಭೇದಭಾವದ ಇನ್ನೊಂದು ರೂಪ.

ತುಳುನಾಡಿಗೆ ಇದು ಇನ್ನೂ ನಾಚಿಕೆಯ ಮಾತಾಗಬೇಕು. ಕೆಮ್ಮಣ್ಣಿನ ಉತ್ತರಕ್ಕೆ, ಸೀತಾನದಿಯ ಆಚೆಗಿದೆ ಕತ್ತಲೆ ಬಸದಿಯ ಬಾರಕೂರು. ಅಳಿಯಸಂತಾನದ ಮೂಲವನ್ನು ಹೇಳುವ ಭೂತಾಳಪಾಂಡ್ಯನ ಐತಿಹ್ಯ ಆ ಊರಿನದು. ಅರಸನ ಹಡಗುಗಳಿಗಾಗಿ ಮಗನೊಬ್ಬನನ್ನು ಕುಂಡೋದರನು ಬಲಿಯಾಗಿ ಕೇಳಿದನಂತೆ. ಅರಸನ ಹೆಂಡತಿ ಕೊಡಲೊಪ್ಪಲಿಲ್ಲ. ತಂಗಿ ತನ್ನ ಮಗನನ್ನು ಮುಂದಿಟ್ಟಳು. ಆ ಬಾಲಕನೇ ಉಳಿದು ಅರಸನಾದನು. ಐತಿಹ್ಯದಲ್ಲಿ ಚರಿತ್ರೆ ಎಷ್ಟಿದೆಯೆಂಬುದು ಬೇರೆ ಮಾತು. ಮಗುವನ್ನು ಕೊಡುವ, ಕೊಡದಿರುವ ನಿರ್ಧಾರ ತಾಯಿಯದೆಂದು ಆ ಕಥೆಯೂ ಒಪ್ಪಿಕೊಂಡಿದೆ. ಬಂಟರಂತೆ ಇಲ್ಲಿನ ಜೈನರಲ್ಲಿಯೂ ಅಳಿಯಸಂತಾನವಿತ್ತು. ವಂಶವು ಹೆಣ್ಣಿನಿಂದ ಮುಂದುವರಿಯುತ್ತಿತ್ತು. ಅಂತಹ ನೆಲದಲ್ಲಿ ಹೆಣ್ಣಿನ ಮಾತಿಗೆ ಚಾವಡಿಯಲ್ಲಿ ಎಡೆಯಿಲ್ಲವೆಂದರೆ ಹಿರಿಯರ ಬಾಳನ್ನೇ ಮರೆತಂತೆ.

ಗೃಹಸ್ಥರು ಮಾಡಬೇಕಾದದ್ದು

ಮೊದಲನೆಯದು, ವಿವೇಕವು ಗರ್ಭಕ್ಕಿಂತ ಮೊದಲು ಬರಬೇಕು. ಎಷ್ಟು ಮಕ್ಕಳು, ಯಾವ ಅಂತರ, ಯಾವ ಉಪಾಯ ಎಂಬುದನ್ನು ದಂಪತಿಗಳು ಮುಂಚಿತವಾಗಿಯೇ ಕುಳಿತು ಮಾತನಾಡಬೇಕು. ಹತ್ತು ವರ್ಷ ನಡೆಯುವ ಕಾಪರ್ ಟಿ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ನಿರೋಧ್ ಇವೆಲ್ಲವೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ದೊರೆಯುತ್ತವೆ. ಆಶಾ ಕಾರ್ಯಕರ್ತೆಯರು ಮಾಹಿತಿ ನೀಡುತ್ತಾರೆ. ಪರ್ವದಿನಗಳಲ್ಲಿ ಬ್ರಹ್ಮಚರ್ಯವನ್ನು ಪಾಲಿಸುವ ಶ್ರಾವಕ ದಂಪತಿಗಳಿಗೆ ಸಂಯಮದ ಮಾತು ಹೊಸದಲ್ಲ. ಬೇಡವಾದ ಗರ್ಭ ನಿಲ್ಲದಂತೆ ಎಚ್ಚರ ವಹಿಸುವುದೇ ಗರ್ಭಹಿಂಸೆಯನ್ನು ತಡೆಯುವ ನಿಜವಾದ ಅಹಿಂಸೆ.

ಎರಡನೆಯದು, ಗರ್ಭ ನಿಂತ ಮೇಲೆ ಎರಡು ಪ್ರಶ್ನೆಗಳನ್ನು ಎರಡಾಗಿಯೇ ಇಡಬೇಕು. ಬಂದ ಜೀವದ ವಿಷಯದಲ್ಲಿ ‘ಉಳಿಸಿಕೊಂಡರೆ ನಾವು ಏನೇನು ಹೊರುತ್ತೇವೆ?’ ಎಂದು ಮನೆಯವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಹೊರಲು ಯಾರೂ ಸಿದ್ಧರಿಲ್ಲದ ಮನೆಗೆ ಅವಳಿಗೆ ಅಹಿಂಸೆಯ ಉಪದೇಶ ಮಾಡುವ ಅಧಿಕಾರವಿಲ್ಲ. ಸಂತಾನಹರಣದ ವಿಷಯದಲ್ಲಿ ಮೊದಲ ಪ್ರಶ್ನೆ ‘ಇಬ್ಬರಲ್ಲಿ ಯಾರು?’ ಎಂಬುದಾಗಬೇಕು. ಅವಳೇ ಎಂದು ಅವಳೇ ನಿರ್ಧರಿಸಿದರೆ, ಗರ್ಭದ ಆತಂಕವಿಲ್ಲದ ದಿನಗಳಲ್ಲಿಯೂ ಇದೇ ತನ್ನ ಇಚ್ಛೆಯಾಗಿರುತ್ತಿತ್ತೇ ಎಂದು ಯೋಚಿಸಲು ಅವಳಿಗೆ ಏಕಾಂತವೂ ಸಮಯವೂ ಸಿಗಬೇಕು.

ಮೂರನೆಯದು, ನಡೆದುಹೋದ ಮೇಲಿನ ಧರ್ಮ. ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನಾ, ಎರಡನೆಯದು ಪ್ರತಿಕ್ರಮಣ: ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುವುದು, ಮತ್ತೆ ಮಾಡೆನೆಂದು ಹಿಂದಿರುಗುವುದು. ಕೃತವು ಒಬ್ಬಳದಾದರೆ ಕಾರಿತ, ಅನುಮೋದನಗಳು ಉಳಿದವರವು. ಆದ್ದರಿಂದ ಪ್ರತಿಕ್ರಮಣವೂ ಮನೆಮಂದಿಯದೆಲ್ಲ ಆಗಬೇಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳಿವೆ. ಇನ್ನೊಬ್ಬರ ದೋಷವನ್ನು ಸಾರಿ ಹೇಳದಿರುವುದು ಉಪಗೂಹನ. ಎಡವಿದವರನ್ನು ಮತ್ತೆ ಧರ್ಮದಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಗುಟ್ಟು ಕಾಯಬೇಕೆಂದು ಕಾನೂನು ವೈದ್ಯರಿಗೆ ಹೇಳಿದ್ದನ್ನು ಧರ್ಮವು ನೆರೆಹೊರೆಯವರಿಗೂ ಬಸದಿಗೆ ಬರುವ ಶ್ರಾವಕರಿಗೂ ಬಹು ಹಿಂದೆಯೇ ಹೇಳಿದೆ.

ಶ್ರಾವಕನ ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳೊಡನೆ ಅಭಯವೂ ಸೇರಿದೆ. ಯಶೋಧರ ಮತ್ತು ಚಂದ್ರಮತಿಯರು ಹಲವು ಜನ್ಮಗಳಲ್ಲಿ ತೊಳಲಿ ಕೊನೆಗೆ ಒಂದೇ ಗರ್ಭದಲ್ಲಿ ಅವಳಿಗಳಾಗಿ ಹುಟ್ಟಿದರು. ಅವರ ಹೆಸರುಗಳು ಅಭಯರುಚಿ, ಅಭಯಮತಿ. ಹಿಂಸೆಯ ಕಥೆ ಅಭಯದ ಹೆಸರಿನಲ್ಲಿ ಮುಗಿಯಿತು.

ಕೆಮ್ಮಣ್ಣಿನ ಆ ಕಲ್ಪಿತ ಮನೆಯಲ್ಲಿಯೂ ಕಥೆ ಬೇರೆಯಾಗಿ ಮುಂದುವರಿಯಬಹುದು. ಸಾಮಾಯಿಕದಿಂದ ಎದ್ದ ಸೊಸೆಯನ್ನು ಅತ್ತೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ‘ನಿನ್ನ ಮನಸ್ಸಿನಲ್ಲಿ ಏನಿದೆ, ಮಗಳೇ?’ ಎಂದು ಕೇಳಬಹುದು. ‘ಮುಂದಿನ ಆಪರೇಷನ್ ಬೇಕಾದರೆ ನಾನು ಮಾಡಿಸಿಕೊಳ್ಳುತ್ತೇನೆ, ಅದರ ಚಿಂತೆ ಬಿಡು’ ಎಂದು ಪತಿ ಹೇಳಬಹುದು. ಆಗ ಅವಳ ಮುಂದೆ ಉಳಿಯುವುದು ಒಂದೇ ಪ್ರಶ್ನೆ. ಅದನ್ನು ಹೊರಲು ಜೊತೆಗೆ ಎರಡು ಹೆಗಲುಗಳು. ಅವಳು ಯಾವ ಉತ್ತರ ಕೊಟ್ಟರೂ ಅದು ಭಯದಿಂದ ಬಂದ ಉತ್ತರವಾಗಿರುವುದಿಲ್ಲ. ತಾಯಿಗೆ ಅಭಯ ಸಿಕ್ಕ ಮನೆಯಲ್ಲಿ ಗರ್ಭದ ಜೀವಕ್ಕೂ ಅಭಯ ಸಿಗುವ ದಾರಿ ತೆರೆದುಕೊಳ್ಳುತ್ತದೆ. ಅಹಿಂಸೆ ಅಡುಗೆಮನೆಯ ಸೋಸಿದ ನೀರಿನಲ್ಲಿ ಆರಂಭವಾಗಲಿ. ಆದರೆ ಚಾವಡಿಯ ಮಾತಿನವರೆಗೂ ಅದು ಹರಿದು ಬರಲಿ.